ಆಟಕ್ಕೊಂದು ಅಂಗಳ ಬೇಡವೇ?

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹಿಂದೆ ಒಂದಿಷ್ಟು ತೋಟ, ಮುಂದೆ ಜಗಲಿ, ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತ ಅಜ್ಜಿ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುವ ಮೊಮ್ಮಗ ಎರಡು ದಿನದ ರಜೆಗೆ ಬಂದಿದ್ದಾನೆ. ಬಸ್ಸಿನಲ್ಲಿ ಬರುವಾಗ ಅವನು ಮೊಬೈಲಿನಲ್ಲಿ ಒಂದು ಕಂಪ್ಯೂಟರ್ ಆಟ ಆಡುತ್ತಿದ್ದ. ಮನೆಗೆ ಬಂದವನು ಅದೇ ಆಟವನ್ನು ಟಿವಿಯಲ್ಲಿ ಮುಂದುವರಿಸಿದ. ಅಪ್ಪ ಸುದ್ದಿ ನೋಡಬೇಕೆಂದಾಗ ಮಾತಿಲ್ಲದೆ ಎದ್ದು, ಅಕ್ಕನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತ. ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು. ಊಟಕ್ಕೆ ಮೂರು ಸಲ ಕರೆದರೂ ಬಾರದಿದ್ದಾಗ ಅಪ್ಪನಿಗೆ ಸಿಟ್ಟು ಬಂತು.

"ಆ ಕಂಪ್ಯೂಟರನ್ನೇ ಮಾರಿಬಿಡ್ತೀನಿ ನೋಡು!"

ಹುಡುಗ ನಗುತ್ತಾ ಹೇಳಿದ: "ಮಾರಿ ಅಪ್ಪಾ. ಆಟ ಇರೋದು ಕಂಪ್ಯೂಟರಿನಲ್ಲಿ ಅಲ್ಲ."

ಈ ಮನೆ ಕಲ್ಪನೆಯದು. ಆದರೆ ನಮ್ಮಲ್ಲಿ ಅನೇಕರಿಗೆ ಇದು ಪರಿಚಯದ ಮನೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆ ಹುಡುಗ ಹೇಳಿದ್ದು ಉದ್ಧಟತನದ ಮಾತಲ್ಲ, ನಿಜವಾದ ಮಾತು. ಆ ನಿಜದಿಂದ ಒಂದು ಪ್ರಶ್ನೆ ಹುಟ್ಟುತ್ತದೆ. ಆಟಕ್ಕೆ ಒಂದು ಜಾಗವೇ ಇಲ್ಲದೆ ಹೋದಾಗ, ಅದಕ್ಕೆ ಬಾಗಿಲು ಎಲ್ಲಿ? ಆ ಬಾಗಿಲನ್ನು ಕಾಯುವವರು ಯಾರು? ಇದನ್ನು ಈ ವಾರ ನಾವು ನಿಧಾನವಾಗಿ ಯೋಚಿಸೋಣ.

ಆಟ ಎಲ್ಲಿದೆ?

ಮೊದಲು ವಿಷಯ ತಿಳಿದುಕೊಳ್ಳೋಣ. ತಿಳಿಯದೆ ಬೈಯುವುದರಿಂದ ಮಕ್ಕಳು ನಮ್ಮ ಮಾತನ್ನು ಲೆಕ್ಕಕ್ಕಿಡುವುದಿಲ್ಲ.

ಹಿಂದೆ ದೊಡ್ಡ ಕಂಪ್ಯೂಟರ್ ಆಟಗಳನ್ನು ಆಡಬೇಕಾದರೆ ಮನೆಯಲ್ಲಿ ಬೆಲೆಬಾಳುವ ಕಂಪ್ಯೂಟರ್ ಇರಬೇಕಾಗಿತ್ತು. ಆಟವನ್ನು ಅದರೊಳಗೆ ತುಂಬಿಸಿಕೊಳ್ಳಬೇಕಾಗಿತ್ತು. ಈಗಿನ ಕ್ಲೌಡ್ ಗೇಮಿಂಗ್ ಎಂಬ ವಿಧಾನದಲ್ಲಿ ಆಟ ನಡೆಯುವುದು ದೂರದ ಯಾವುದೋ ನಗರದ ಡೇಟಾ ಸೆಂಟರಿನಲ್ಲಿ. ನಮ್ಮ ಹುಡುಗ ಒಂದು ಗುಂಡಿ ಒತ್ತಿದರೆ ಆ ಆಜ್ಞೆ ಅಲ್ಲಿಗೆ ಹೋಗುತ್ತದೆ. ಅಲ್ಲಿನ ಯಂತ್ರ ಚಿತ್ರವನ್ನು ರಚಿಸಿ ಸಿನಿಮಾದಂತೆ ಇಲ್ಲಿಗೆ ಕಳಿಸುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರಗಳು! ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದ್ದರಿಂದ ಸಾವಿರ ಕಿಲೋಮೀಟರ್ ದೂರದ ಊರಿಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ನಡುವಿನ ಯಂತ್ರಗಳು ಇನ್ನಷ್ಟು ಸಮಯ ತೆಗೆದುಕೊಂಡರೂ, ಸಂಪರ್ಕ ಚೆನ್ನಾಗಿದ್ದರೆ ಆಡುವವನಿಗೆ ಅದು ಗೊತ್ತಾಗುವುದಿಲ್ಲ. ಅವನ ಕೈಯಲ್ಲಿರುವುದು ಬರೀ ಕಿಟಕಿ. ಮೊಬೈಲಾಗಲಿ, ಟಿವಿಯಾಗಲಿ, ಹಳೆಯ ಲ್ಯಾಪ್‌ಟಾಪಾಗಲಿ, ಯಾವ ಕಿಟಕಿಯಿಂದ ನೋಡಿದರೂ ಕಾಣುವುದು ಅದೇ ಆಟ.

ಇದು ತೀರ ಹೊಸದೂ ಅಲ್ಲ. ಅಮೆರಿಕದಲ್ಲಿ ಆನ್‌ಲೈವ್ ಎಂಬ ಸೇವೆ 2010ರಲ್ಲೇ ಶುರುವಾಗಿತ್ತು. ಗೂಗಲ್ ಸಂಸ್ಥೆ 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಎಂಬುದನ್ನು ತಂದಿತು. ನಮ್ಮ ದೇಶದಲ್ಲಿ 2022ರ ಅಕ್ಟೋಬರ್‌ನಲ್ಲಿ 5ಜಿ ಬಂದಮೇಲೆ ಇದಕ್ಕೆ ದಾರಿ ಸುಗಮವಾಯಿತು. 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂತು.

ಹಳ್ಳಿಯ ಮನೆಯವರು ತಿಳಿಯಬೇಕಾದ ಒಂದು ಲೆಕ್ಕವೂ ಇದೆ. ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ಬೇಕೆಂದು ಇಟ್ಟುಕೊಂಡರೆ, ಒಂದು ಗಂಟೆಯ ಆಟಕ್ಕೆ 6 ಜಿಬಿಗೂ ಹೆಚ್ಚು ಡೇಟಾ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹದಿಮೂರು ಹದಿನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಹುಡುಗ ಅಮ್ಮನ ಮೊಬೈಲ್ ಕೇಳುತ್ತಾನೆ, ಅಕ್ಕನ ಹಾಟ್‌ಸ್ಪಾಟ್ ಕೇಳುತ್ತಾನೆ. "ನನ್ನ ನೆಟ್ ಯಾಕೆ ಬೇಗ ಖಾಲಿಯಾಗುತ್ತೆ?" ಎಂದು ಅಮ್ಮ ಅಂಗಡಿಯವನನ್ನು ಕೇಳುವ ಮೊದಲು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ತೀರ್ಪು ಕೊಡುವ ಮುನ್ನ

ಆಟವೆಂದರೆ ಕೆಟ್ಟದ್ದು ಎಂದು ಇಲ್ಲಿ ಹೇಳುತ್ತಿಲ್ಲ. ಹಾಗೆ ಹೇಳುವುದು ನಮ್ಮ ಪರಂಪರೆಯೂ ಅಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ದೊಡ್ಡ ಗ್ರಂಥದಲ್ಲಿ ಆಟದ ಬಗ್ಗೆಯೂ ವಿಚಾರ ಮಾಡಿದ್ದಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮೂಗು ಮುರಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡಲು ಯೊವಾನ್ನರು ಅವನಿಗೆ ಹೇಳಿದರು. ಅವನು ಹಲವು ಸಲ ಬಿಟ್ಟ ಮೇಲೆ, ಬಿಡುವಿಲ್ಲದೆ ಹೀಗೇ ಮಾಡಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದು ಅವನು ಉತ್ತರಿಸಿದ. ಮನಸ್ಸೂ ಹಾಗೆಯೇ, ಸಡಿಲಿಸದಿದ್ದರೆ ಮುರಿಯುತ್ತದೆ ಎಂಬುದು ಈ ಕಥೆಯ ತಾತ್ಪರ್ಯ. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ತಾನೂ ನಗದೆ, ಇತರರ ಸಂತೋಷಕ್ಕೂ ಅಡ್ಡಿಯಾಗುವವನದೂ ಒಂದು ದೋಷವೇ ಎನ್ನುತ್ತಾರೆ. ಮನೆಯಲ್ಲಿ ಸದಾ ಮುಖ ಗಂಟಿಕ್ಕಿಕೊಂಡಿರುವ ಹಿರಿಯರು ಇದನ್ನು ಗಮನಿಸಬೇಕು!

ಇನ್ನೊಬ್ಬ ಸಂತರನ್ನು ನೆನೆಯೋಣ. ಸಂತ ಅಗಸ್ಟೀನರು ತಮ್ಮ ಬಾಲ್ಯವನ್ನು ನೆನೆಸಿಕೊಳ್ಳುವಾಗ ಒಂದು ಕಹಿ ಮಾತು ಹೇಳಿದ್ದಾರೆ. ಚಿಕ್ಕವರಾಗಿದ್ದಾಗ ಆಟದ ಆಸೆಯಿಂದ ಓದು ಬಿಟ್ಟಿದ್ದಕ್ಕೆ ಅವರಿಗೆ ಏಟು ಬೀಳುತ್ತಿತ್ತು. ಹೊಡೆಯುತ್ತಿದ್ದ ದೊಡ್ಡವರೂ ಅಂಥವೇ ಆಟಗಳನ್ನು ಆಡುತ್ತಿದ್ದರು, ಆದರೆ ಅವುಗಳಿಗೆ ಅವರು ವ್ಯವಹಾರವೆಂದು ಹೆಸರಿಟ್ಟಿದ್ದರು. ಹದಿನಾರು ಶತಮಾನ ಕಳೆದರೂ ಈ ಮಾತು ಹಳತಾಗಿಲ್ಲ. ಮಗನ ಆಟಕ್ಕೆ ಸಿಡುಕುವ ಅಪ್ಪ ಊಟದ ತಟ್ಟೆಯ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಂಡು ವಾಟ್ಸಾಪ್ ನೋಡುತ್ತಿದ್ದರೆ, ಮಗ ಯಾವ ಪಾಠ ಕಲಿಯುತ್ತಾನೆ?

ಈ ಹೊಸ ವಿಧಾನದಲ್ಲಿ ಒಂದು ನ್ಯಾಯವೂ ಅಡಗಿದೆ ಎಂಬುದನ್ನು ಒಪ್ಪಬೇಕು. ಲಕ್ಷ ರೂಪಾಯಿಯ ಕಂಪ್ಯೂಟರ್ ಕೊಳ್ಳಲಾಗದ ಮನೆಯ ಹುಡುಗನೂ ಮಾಮೂಲಿ ಮೊಬೈಲಿನಲ್ಲಿ, ಶ್ರೀಮಂತರ ಮಗ ಆಡುವ ಆಟವನ್ನೇ ಆಡಬಹುದು. ಹಾಸ್ಟೆಲಿನಲ್ಲಿ ಗೆಳೆಯರ ನಡುವೆ "ನನ್ನ ಹತ್ತಿರ ಇಲ್ಲ" ಎಂದು ತಲೆ ತಗ್ಗಿಸಬೇಕಾಗಿಲ್ಲ. ಒಬ್ಬ ಬಡ ರೈತನ ಮಗನಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ "ಇದೆಲ್ಲಾ ಹಾಳು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ನಾವು ಅನ್ಯಾಯ ಮಾಡಿದಂತೆ.

ಹಣ ಕಟ್ಟಿ ಆಡುವ ಜೂಜಿನ ಆಟಗಳ ಮಾತು ಬೇರೆ. ಅವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಕ್ಲೌಡ್ ಗೇಮಿಂಗ್ ಎಂದರೆ ಜೂಜಲ್ಲ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬಾರದು.

ಸೀಮೆಸುಣ್ಣದ ಮನೆ

ಹಾಗಾದರೆ ತೊಂದರೆ ಎಲ್ಲಿದೆ? ಜಾಗವಿಲ್ಲದ ಆಟ ಎನ್ನುವುದೇ ತೊಂದರೆಯೇ? ಅದೂ ಅಷ್ಟು ಸುಲಭದ ಮಾತಲ್ಲ. ಯಾಕೆಂದರೆ ನಮ್ಮ ಅಜ್ಜಿಯರ ಆಟಗಳಿಗೂ ಸ್ವಂತ ಜಾಗವಿರಲಿಲ್ಲ.

ಚೌಕಾಬಾರವನ್ನೇ ನೋಡಿ. ಒಂದು ಚೂರು ಸೀಮೆಸುಣ್ಣವೋ ಇದ್ದಿಲೋ ಸಿಕ್ಕಿದರೆ ಜಗಲಿಯ ಮೇಲೆ ಐದೈದು ಇಪ್ಪತ್ತೈದು ಮನೆ ಎಳೆದರೆ ಆಯಿತು. ನಾಲ್ಕು ಕವಡೆ ಬೇಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೆ ಸಾಕು. ಮಧುಗಿರಿ, ಕೊರಟಗೆರೆ ಕಡೆ ಹುಣಸೆ ಬೀಜಕ್ಕೆ ಬರವೇ? ಮಳೆ ಬಂದು ಜಗಲಿ ಒದ್ದೆಯಾದರೆ ನಡುಮನೆಯಲ್ಲಿ ಎಳೆಯಬಹುದು, ಕಣದ ಬಂಡೆಯ ಮೇಲೆ ಎಳೆಯಬಹುದು. ಆಟ ಆ ಗೆರೆಗಳಲ್ಲಿ ಇರಲಿಲ್ಲ, ಯಾವ ನೆಲದ ಮೇಲಾದರೂ ಬಿಡಿಸಿಕೊಳ್ಳಬಹುದಾಗಿತ್ತು. ಆ ದೃಷ್ಟಿಯಿಂದ ಅಜ್ಜಿಯ ಚೌಕಾಬಾರಕ್ಕೂ ಮೊಮ್ಮಗನ ಆಟಕ್ಕೂ ಹೋಲಿಕೆ ಇದೆ.

ವ್ಯತ್ಯಾಸ ಬೇರೆಡೆ ಇದೆ. ಚೌಕಾಬಾರ ಇದ್ದದ್ದು ಆಡುವವರಲ್ಲಿ. ನಿಯಮ ಅಜ್ಜಿಯ ನೆನಪಿನಲ್ಲಿತ್ತು. "ಕಾಯಿ ಕಡಿಯದೆ ಒಳಗೆ ಹೋಗಂಗಿಲ್ಲ" ಎಂದು ಅವಳು ಹೇಳಿದರೆ ಅದೇ ಕಾನೂನು. ಎದುರಿಗೆ ಇನ್ನೊಬ್ಬರು ಕೂರದೆ ಆಟವೇ ಇಲ್ಲ. ಆ ಇನ್ನೊಬ್ಬರಿಗೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಹಸುವಿಗೆ ನೀರು ಇಡಬೇಕಾಗುತ್ತಿತ್ತು. ಅವರು ಎದ್ದರೆ ಆಟ ಮುಗಿಯಿತು. ಅಂದರೆ ಆಟಕ್ಕೆ ಜಾಗದ ಗೋಡೆ ಇಲ್ಲದಿದ್ದರೂ ಮನುಷ್ಯರ ಗೋಡೆ ಇತ್ತು.

ಮೊಮ್ಮಗನ ಆಟದ ನಿಯಮ ಇರುವುದು ದೂರದ ಕಂಪನಿಯ ಯಂತ್ರದಲ್ಲಿ. ಆ ಯಂತ್ರಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ಹಸುವಿಗೆ ನೀರು ಇಡುವ ಕೆಲಸವೂ ಅದಕ್ಕಿಲ್ಲ. ಕೆಲವು ಸೇವೆಗಳು ಒಂದು ಸರದಿಗೆ ಇಷ್ಟು ಗಂಟೆ ಎಂದು ಮಿತಿ ಹಾಕುವುದುಂಟು. ಆದರೆ ಅದು ಯಂತ್ರಕ್ಕಾಗಿ ಕಾದಿರುವ ಮುಂದಿನ ಗಿರಾಕಿಯ ಸಲುವಾಗಿ, ನಿಮ್ಮ ಮಗನ ನಿದ್ದೆಯ ಸಲುವಾಗಿ ಅಲ್ಲ.

ಬೇಲಿ ಬಿದ್ದ ಮೇಲೆ

ಡಚ್ ಇತಿಹಾಸಕಾರ ಯೋಹಾನ್ ಹೈಜಿಂಗಾ 1938ರಲ್ಲಿ ಆಟವನ್ನು ಕುರಿತು ಒಂದು ಪ್ರಸಿದ್ಧ ಪುಸ್ತಕ ಬರೆದರು. ದಿನನಿತ್ಯದ ಬದುಕಿನಿಂದ ಬೇರೆಯಾದ ಒಂದು ಜಾಗ, ಒಂದು ಹೊತ್ತು ಆಟಕ್ಕೆ ಇರುತ್ತದೆ ಎಂಬುದು ಅವರ ಮುಖ್ಯ ವಿಚಾರಗಳಲ್ಲೊಂದು. ಅಂಗಳದೊಳಗೆ ಕಾಲಿಟ್ಟಾಗ ಆಟ, ಹೊರಗೆ ಬಂದಾಗ ಬದುಕು. ಅದಕ್ಕೂ ಎಷ್ಟೋ ಶತಮಾನ ಮೊದಲೇ ಅಕ್ವಿನಾಸರು, ಆಟ ಕೆಡುಕಿನದಾಗಿರಬಾರದು, ಮನಸ್ಸಿನ ಹತೋಟಿ ತಪ್ಪಬಾರದು, ಮತ್ತು ಆಟ ವ್ಯಕ್ತಿಗೆ, ಕಾಲಕ್ಕೆ, ಸ್ಥಳಕ್ಕೆ ಒಪ್ಪುವಂತಿರಬೇಕು ಎಂದು ಹೇಳಿದ್ದರು.

ವ್ಯಕ್ತಿ, ಕಾಲ, ಸ್ಥಳ. ನಮ್ಮ ಬಾಲ್ಯದಲ್ಲಿ ಈ ಮೂರನ್ನೂ ನಾವೇನೂ ಕಷ್ಟಪಟ್ಟು ಪಾಲಿಸಲಿಲ್ಲ. ಚಿನ್ನಿದಾಂಡು ಆಡುವಾಗ ಕತ್ತಲಾದರೆ ಚಿನ್ನಿ ಕಾಣುತ್ತಿರಲಿಲ್ಲ, ಮನೆಗೆ ಬಂದೆವು. ಗೋಲಿ ಆಡುವಾಗ ಮಳೆ ಬಂದರೆ ಕುಳಿಯಲ್ಲಿ ನೀರು ನಿಂತಿತು, ಮನೆಗೆ ಬಂದೆವು. ನಮ್ಮನ್ನು ತಡೆದದ್ದು ಕತ್ತಲೆ, ಮಳೆ, ಅಮ್ಮನ ಕೂಗು. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. "ನಮ್ಮ ಕಾಲದಲ್ಲಿ ನಾವು ಹೀಗಿರಲಿಲ್ಲ" ಎಂದು ಹೇಳುವಾಗ ನಮ್ಮ ಸದ್ಗುಣವನ್ನಲ್ಲ, ನಮ್ಮ ಬೇಲಿಯನ್ನು ಹೊಗಳುತ್ತಿರುತ್ತೇವೆ. ಸಾಧನವಿಲ್ಲದೆ ಸುಮ್ಮನಿದ್ದವನನ್ನು ಸಂಯಮಿ ಎನ್ನಲಾಗುವುದಿಲ್ಲ. ಹೆಂಡದಂಗಡಿಯೇ ಇಲ್ಲದ ಊರಿನಲ್ಲಿ ಕುಡಿಯದಿರುವುದು ದೊಡ್ಡ ವ್ರತವೇ?

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಬೇಲಿ ಸದ್ಗುಣವಲ್ಲ, ನಿಜ. ಎಳೆಯ ಸಸಿಗೆ ಬೇಲಿ ಬೇಕೆಂಬುದೂ ಅಷ್ಟೇ ನಿಜ. ಹೊರಗಿನ ಬೇಲಿ ಇದ್ದುದರಿಂದ ನಮ್ಮ ಒಳಗಿನ ಮನಸ್ಸಿಗೆ ಬೆಳೆಯಲು ಸಮಯ ಸಿಕ್ಕಿತು. ಈಗಿನ ಹದಿನೈದರ ಹುಡುಗನಿಗೆ ಆ ಸಮಯವೇ ಸಿಗುತ್ತಿಲ್ಲ. ಬಸ್ಸಿನಲ್ಲಿ, ಹಾಸಿಗೆಯಲ್ಲಿ, ತೋಟದಲ್ಲಿ, ತರಗತಿಯ ಹಿಂದಿನ ಬೆಂಚಿನಲ್ಲಿ ಆಟ ಅವನ ಜೇಬಿನಲ್ಲೇ ಬರುತ್ತದೆ. ಬೆಳೆದವರಿಗೂ ಕಷ್ಟವಾದ ಆತ್ಮಸಂಯಮವನ್ನು ನಾವು ಅವನಿಂದ ಇವತ್ತೇ ಕೇಳುತ್ತಿದ್ದೇವೆ. ಅವನು ಸೋತಾಗ ಅವನೊಬ್ಬನನ್ನೇ ಅಪರಾಧಿ ಮಾಡುವುದು ನ್ಯಾಯವಲ್ಲ.

ಹಾಗಾದರೆ ಮತ್ತೆ ಬೀಗ ಹಾಕೋಣವೇ? ಬೀಗ ಹಾಕುವುದು ಯಾವುದಕ್ಕೆ? ಕಂಪ್ಯೂಟರನ್ನು ಬೀರುವಿನಲ್ಲಿಟ್ಟರೆ ಮೊಬೈಲ್ ಇದೆ. ಮೊಬೈಲ್ ಕಿತ್ತುಕೊಂಡರೆ ಗೆಳೆಯನ ಮೊಬೈಲ್ ಇದೆ. ತನ್ನ ಹೆಸರು, ತನ್ನ ಪಾಸ್‌ವರ್ಡ್ ಹಾಕಿದರೆ ಆಟ ಅಲ್ಲಿಯೂ ಅವನಿಗಾಗಿ ಕಾದಿರುತ್ತದೆ. ಸಾಧನದ ಮೇಲೆ ನಡೆಯುತ್ತಿದ್ದ ಹಿರಿಯರ ಅಧಿಕಾರ ಇಲ್ಲಿಗೆ ಮುಗಿಯಿತು. ಇನ್ನು ಉಳಿದಿರುವುದು ಒಂದೇ ಬಗೆಯ ಬೇಲಿ. ಅದು ಮಾತು. ಅಪ್ಪ-ಮಗ ಕೂತು ಒಪ್ಪಿಕೊಂಡ ಮಾತು, ಇಬ್ಬರೂ ಕೊಟ್ಟ ಮಾತು.

ಇಬ್ಬರೂ ಎಂಬುದನ್ನು ಮರೆಯಬೇಡಿ. ಒಬ್ಬರೇ ಹಾಕಿದರೆ ಅದು ಆಜ್ಞೆ, ಅದನ್ನು ಮೀರುವುದರಲ್ಲೇ ಹುಡುಗನಿಗೆ ಇನ್ನೊಂದು ಆಟ ಸಿಗುತ್ತದೆ. "ಊಟದ ಹೊತ್ತಿನಲ್ಲಿ, ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಈ ಮನೆಯಲ್ಲಿ ಯಾರೂ ಪರದೆ ನೋಡುವುದಿಲ್ಲ, ನಾನೂ ನೋಡುವುದಿಲ್ಲ" ಎಂದು ಅಪ್ಪ ಹೇಳಿ ಅದರಂತೆ ನಡೆದರೆ, ಆ ಮಾತಿಗೆ ತೂಕ ಬರುತ್ತದೆ. ಯಾರೂ ನೋಡದ ಹಾಸ್ಟೆಲ್ ಕೋಣೆಯಲ್ಲೂ ಹುಡುಗನ ಜೊತೆಗೆ ಹೋಗಬಲ್ಲದ್ದು ಅಂಥ ಮಾತು ಒಂದೇ. ಆಟ ಎಲ್ಲೆಲ್ಲಿಗೆ ಹಿಂಬಾಲಿಸುತ್ತದೋ ಅಲ್ಲೆಲ್ಲಾ ಹಿಂಬಾಲಿಸುವ ಬೇಲಿ ಬೇಕು. ಅದನ್ನು ಅಂಗಡಿಯಿಂದ ತರಲಾಗುವುದಿಲ್ಲ.

ಯಾರದು ಈ ಆಸ್ತಿ?

ಇನ್ನೊಂದು ಪ್ರಶ್ನೆಯೂ ಇದೆ. ಇದನ್ನು ಮಕ್ಕಳೊಡನೆ ಮಾತಾಡಲು ಮರೆಯಬೇಡಿ.

ಪಾವಗಡದ ಸೌರ ವಿದ್ಯುತ್ ಪಾರ್ಕನ್ನು ನೋಡಿದವರು ನಿಮ್ಮಲ್ಲಿ ಇರಬಹುದು. ತಿರುಮಣಿ ಸುತ್ತಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಅದು. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಗುತ್ತಿಗೆ ಕೊಟ್ಟ ರೈತನಿಗೆ ಒಂದು ವಿಷಯ ಸ್ಪಷ್ಟವಾಗಿ ಗೊತ್ತು: ಮೇಲೆ ಫಲಕ ಯಾರದೇ ಇರಲಿ, ನೆಲ ನನ್ನದು. ಫಲಕ ಹಾಕಿದ ಕಂಪನಿಗೂ ಗೊತ್ತು: ಫಲಕ ನಮ್ಮದು, ನೆಲ ನಮ್ಮದಲ್ಲ. ಯಾವುದು ಸ್ವಂತ, ಯಾವುದು ಬಾಡಿಗೆ ಎಂಬ ತಿಳಿವಳಿಕೆ ಇದ್ದರೆ ಗುತ್ತಿಗೆಯಲ್ಲಿ ಮೋಸವಿಲ್ಲ.

ಕ್ಲೌಡ್ ಆಟದಲ್ಲಿ ಈ ತಿಳಿವಳಿಕೆ ಮಸುಕಾಗುತ್ತದೆ. ಹುಡುಗ "ನನ್ನ ಆಟ" ಎನ್ನುತ್ತಾನೆ. ಯಂತ್ರ ಅವನದಲ್ಲ. ಎಷ್ಟೋ ಸಲ ಆಟವೂ ಅವನದಲ್ಲ, ತಿಂಗಳ ಚಂದಾ ಕಟ್ಟುವವರೆಗೆ ಮಾತ್ರ. ಆನ್‌ಲೈವ್ ಸೇವೆ 2015ರ ಏಪ್ರಿಲ್ 30ರಂದು ನಿಂತುಹೋಯಿತು. ಸ್ಟೇಡಿಯಾವನ್ನು ನಿಲ್ಲಿಸುವುದಾಗಿ ಗೂಗಲ್ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿ, 2023ರ ಜನವರಿ 18ರಂದು ಮುಚ್ಚಿತು. ಅದರ ಅಂಗಡಿಯಲ್ಲಿ ಆಟ ಕೊಂಡಿದ್ದವರಿಗೆ ಹಣ ಹಿಂದಿರುಗಿಸಿತು ಎಂಬುದನ್ನೂ ಹೇಳಬೇಕು, ಅದು ಮೆಚ್ಚಬೇಕಾದ ನಡತೆ. ಆದರೆ ಅಲ್ಲಿ ಕಳೆದ ಗಂಟೆಗಳನ್ನು ಯಾರು ಹಿಂದಿರುಗಿಸಬಲ್ಲರು? ಅನೇಕರು ತಿಂಗಳುಗಟ್ಟಲೆ ಆಡಿ ಗಳಿಸಿಕೊಂಡ ಹಂತಗಳು ಆ ಸೇವೆಯೊಂದಿಗೇ ಅಳಿಸಿಹೋದವು. ಈ ಗೊಂದಲವನ್ನು ಕಂಡೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಕೊಡುತ್ತಿರುವುದು ಬರೀ ಬಳಕೆಯ ಪರವಾನಗಿಯಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ "ಕೊಳ್ಳಿ" ಎಂಬ ಪದವನ್ನು ಡಿಜಿಟಲ್ ಸರಕಿಗೆ ಬಳಸುವಂತಿಲ್ಲ. ಇದು 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಬಾಡಿಗೆ ಪಡೆಯುವುದು ತಪ್ಪಲ್ಲ. ಗ್ರಂಥಾಲಯದ ಪುಸ್ತಕವೂ ನಮ್ಮದಲ್ಲ, ಓದಿ ಹಿಂದಿರುಗಿಸುತ್ತೇವೆ, ಓದಿದ್ದು ಉಳಿಯುತ್ತದೆ. ಹಾಗೆಯೇ ಮಗನನ್ನು ಕೇಳಿ: "ನಾಳೆ ಬೆಳಿಗ್ಗೆ ಆ ಸೇವೆ ಮುಚ್ಚಿಹೋದರೆ, ಈ ಆಟದಿಂದ ನಿನ್ನ ಹತ್ತಿರ ಏನು ಉಳಿಯುತ್ತೆ?" ಕೊಂಕಿನಿಂದ ಕೇಳಬೇಡಿ, ತಿಳಿದುಕೊಳ್ಳಲು ಕೇಳಿ. ಅವನಿಗೆ ಉತ್ತರವಿರಬಹುದು. ಒಬ್ಬ ಗೆಳೆಯ ಸಿಕ್ಕಿದ ಎನ್ನಬಹುದು. ಸೋತರೂ ಮತ್ತೆ ಪ್ರಯತ್ನಿಸುವುದನ್ನು ಕಲಿತೆ ಎನ್ನಬಹುದು. ಕಷ್ಟದ ವಾರದಲ್ಲಿ ಮನಸ್ಸು ಹಗುರವಾಯಿತು ಎನ್ನಬಹುದು. ಅವು ನಿಜವಾದ ಗಳಿಕೆಗಳೇ, ಯಾವ ಕಂಪನಿಯೂ ಅವನ್ನು ಅಳಿಸಲಾರದು. ಉತ್ತರ ಹೊಳೆಯದಿದ್ದರೆ, ಆ ಮೌನವೇ ಅವನಿಗೆ ಪಾಠ ಹೇಳುತ್ತದೆ. ನೀವು ಹೇಳಬೇಕಾಗಿಲ್ಲ.

ಅಜ್ಜಿಯ ಎರಡು ದಿನ

ಈಗ ನಮ್ಮ ತೋವಿನಕೆರೆಯ ಮನೆಗೆ ಹಿಂದಿರುಗೋಣ. ಅಪ್ಪನ ಸಿಟ್ಟು, ಮಗನ ನಗು ಎರಡೂ ನಮಗೆ ಕೇಳಿಸಿದವು. ಆದರೆ ಜಗಲಿಯಲ್ಲಿ ಕುಳಿತವಳನ್ನು ನಾವು ಮರೆತೆವು.

ಅಜ್ಜಿಗೆ ಕ್ಲೌಡ್ ಗೊತ್ತಿಲ್ಲ, ಡೇಟಾ ಗೊತ್ತಿಲ್ಲ. ಮೊಮ್ಮಗ ಬರುತ್ತಾನೆಂದು ಅವಳು ಮೊದಲೇ ಕಡಲೆಕಾಯಿ ಹುರಿದು ಡಬ್ಬಿಯಲ್ಲಿಟ್ಟಿದ್ದಾಳೆ. ಅವನು ವರ್ಷಕ್ಕೆ ಎಷ್ಟು ದಿನ ಬರುತ್ತಾನೆ? ಹೆಚ್ಚೆಂದರೆ ಇಪ್ಪತ್ತು. ಅವಳಿಗೆ ಇನ್ನೆಷ್ಟು ವರ್ಷ ಉಳಿದಿವೆ? ಅದನ್ನು ಗುಣಿಸಿ ನೋಡುವ ಧೈರ್ಯ ನಮಗಿಲ್ಲ. ಆ ಎರಡು ದಿನಗಳಲ್ಲಿ ಮೊಮ್ಮಗ ಮನೆಯಲ್ಲೇ ಇದ್ದ, ಆದರೆ ಅವಳಿಗೆ ಸಿಗಲಿಲ್ಲ. "ಊಟ ಮಾಡೇಳು ಮಗಾ" ಎಂದು ಅವಳು ಹೇಳಿದಾಗ "ಬಂದೆ ಅಜ್ಜಿ" ಎಂದ. ದನಿ ಮಾತ್ರ ಬಂತು.

ಪ್ರಿಯ ಓದುಗರೇ, ಅಕ್ವಿನಾಸರ ಮೂರು ಮಾತುಗಳಲ್ಲಿ ಕೊನೆಯವರೆಗೂ ಉಳಿಯುವುದು "ವ್ಯಕ್ತಿ" ಎಂಬುದೇ. ಸ್ಥಳದ ಬೇಲಿ ಬಿದ್ದಿರಬಹುದು, ಕಾಲದ ಬೇಲಿ ಬಿದ್ದಿರಬಹುದು. ಆದರೆ ಪಕ್ಕದಲ್ಲಿರುವ ಮನುಷ್ಯ ಇನ್ನೂ ಪಕ್ಕದಲ್ಲೇ ಇದ್ದಾರೆ. ಆಟವನ್ನು ನಿಲ್ಲಿಸಿ ನಾಳೆ ಅಲ್ಲಿಂದಲೇ ಶುರುಮಾಡಬಹುದು, ಇದು ಕ್ಲೌಡ್ ಆಟದ ದೊಡ್ಡ ಸೌಕರ್ಯ. ಅಜ್ಜಿಯನ್ನು ನಿಲ್ಲಿಸಿ ನಾಳೆ ಅಲ್ಲಿಂದಲೇ ಶುರುಮಾಡಲಾಗುವುದಿಲ್ಲ. ಈ ಒಂದು ಮಾತನ್ನು ಹುಡುಗನಿಗೆ ಮೃದುವಾಗಿ ತಿಳಿಸಿದರೆ, ನೂರು ಬೈಗುಳಕ್ಕಿಂತ ಹೆಚ್ಚು ನಾಟುತ್ತದೆ. ನಿಂತಲ್ಲೇ ಕಾಯುವಂಥದ್ದನ್ನು ಕಾಯಿಸಬಹುದು. ಕಾಯಲಾರದವರನ್ನು ಕಾಯಿಸಬಾರದು. ಈ ಮಾತು ಮಗನಿಗೆ ಎಷ್ಟು ಅನ್ವಯಿಸುತ್ತದೋ, ಸುದ್ದಿ ನೋಡುತ್ತಾ ಕುಳಿತ ಅಪ್ಪನಿಗೂ ಅಷ್ಟೇ ಅನ್ವಯಿಸುತ್ತದೆ.

ಕೆಲವು ಮನೆಗಳಲ್ಲಿ ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ಹುಡುಗ ನಿದ್ದೆ ಬಿಟ್ಟಿರುತ್ತಾನೆ, ಓದು ಬಿಟ್ಟಿರುತ್ತಾನೆ, ಬೇಡವೆಂದು ತನಗೇ ಅನಿಸಿದರೂ ನಿಲ್ಲಿಸಲಾಗುವುದಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆದರೆ ಅದು ಹಟವಲ್ಲ, ಕಾಯಿಲೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥವರಿಗಾಗಿಯೇ 2014ರಲ್ಲಿ ಶಟ್ ಕ್ಲಿನಿಕ್ ಎಂಬ ವಿಭಾಗವನ್ನು ತೆರೆಯಿತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕಾಲು ಮುರಿದರೆ ಆಸ್ಪತ್ರೆಗೆ ಹೋಗಲು ನಾಚದ ನಾವು ಇದಕ್ಕೂ ನಾಚಬೇಕಾಗಿಲ್ಲ. ಹಾಗೆಂದು ಆಡುವ ಪ್ರತಿ ಮಗುವನ್ನೂ ರೋಗಿಯೆಂದು ನೋಡುವುದೂ ತಪ್ಪು. ಬಹಳಷ್ಟು ಮಕ್ಕಳಿಗೆ ಬೇಕಾಗಿರುವುದು ವೈದ್ಯರಲ್ಲ, ಜೊತೆಗೆ ಕೂರುವ ಮನೆಯವರು.

ಈ ವಾರ ನೀವು ಮಾಡಬಹುದಾದದ್ದು

ಒಂದು ಸಂಜೆ ಅರ್ಧ ಗಂಟೆ ಮಗನ ಪಕ್ಕದಲ್ಲಿ ಕುಳಿತು ಅವನ ಆಟ ನೋಡಿ. "ಇದು ಹೇಗೆ ಆಡೋದು, ನನಗೂ ಹೇಳಿಕೊಡು" ಎನ್ನಿ. ನೀವು ಸೋಲುತ್ತೀರಿ, ಅವನು ನಗುತ್ತಾನೆ. ಆ ನಗುವಿನಲ್ಲಿ ನಿಮ್ಮ ಮಾತಿಗೆ ಒಂದು ದಾರಿ ತೆರೆಯುತ್ತದೆ. ಅವನು ಯಾರೊಡನೆ ಆಡುತ್ತಾನೆ, ತಿಂಗಳಿಗೆ ಎಷ್ಟು ಹಣ ಹೋಗುತ್ತದೆ, ಆಟದಲ್ಲಿ ಅವನಿಗೆ ಯಾವುದು ಇಷ್ಟ ಎಂಬುದೆಲ್ಲಾ ಕೇಳದೆಯೇ ತಿಳಿಯುತ್ತದೆ.

ಆಮೇಲೆ ಮನೆಮಂದಿಯೆಲ್ಲಾ ಕುಳಿತು ಮೂರು ವಿಷಯ ಒಪ್ಪಿಕೊಳ್ಳಿ: ಈ ಮನೆಯಲ್ಲಿ ಪರದೆಗೆ ಪ್ರವೇಶವಿಲ್ಲದ ಜಾಗ ಯಾವುದು, ಹೊತ್ತು ಯಾವುದು, ಮತ್ತು ಯಾರು ಕರೆದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ಏಳಬೇಕು. ಮೂರನೆಯದೇ ಮುಖ್ಯ. ಆ ಪಟ್ಟಿಯನ್ನು ಹುಡುಗನೇ ಬರೆಯಲಿ. ಅಪ್ಪ-ಅಮ್ಮನ ಹೆಸರೂ ಆ ನಿಯಮದ ಕೆಳಗೆ ಇರಲಿ.

ಕೊನೆಯದಾಗಿ, ಒಂದು ಚೂರು ಸೀಮೆಸುಣ್ಣ ಹುಡುಕಿ. ಅಜ್ಜಿಯ ಜಗಲಿಯ ಮೇಲೆ ಇಪ್ಪತ್ತೈದು ಮನೆ ಎಳೆಯಿರಿ. ನಾಲ್ಕು ಹುಣಸೆ ಬೀಜ ಉಜ್ಜಿ ಅವಳ ಕೈಗೆ ಕೊಡಿ. ಅವಳ ಕಾಯಿ ಹಣ್ಣಾಗುವವರೆಗೆ ಮೊಮ್ಮಗ ಎದುರಿಗೆ ಕೂರಲಿ. ದೂರದ ಆಟ ಅಲ್ಲಿಯೇ ನಿಂತಿರುತ್ತದೆ, ಎಲ್ಲಿಗೂ ಹೋಗುವುದಿಲ್ಲ.

"ಆಟ ಇರೋದು ಕಂಪ್ಯೂಟರಿನಲ್ಲಿ ಅಲ್ಲ" ಎಂದ ಹುಡುಗನ ಮಾತು ಸರಿಯಾಗಿಯೇ ಇತ್ತು. ಆಟ ಎಲ್ಲಾದರೂ ಇರಲಿ, "ನೀನು ಎಲ್ಲಿದ್ದೀಯ ಮಗಾ?" ಎಂದು ಕೇಳಿದಾಗ "ಇಲ್ಲೇ ಇದ್ದೀನಿ ಅಜ್ಜಿ" ಎಂದು ಅವನು ನಿಜವಾಗಿ ಹೇಳುವಂತಾಗಲಿ.